ಚಿಗಟಕ್ಕೊಂದು ಚಿಗಟ

ನನ್ನ ಅಂಗಡಿಗೆ ಬರುವವರಲ್ಲಿ ಅರ್ಧ ಜನ ರಿಪೇರಿಗೆ ಬರುತ್ತಾರೆ, ಇನ್ನರ್ಧ ಜನ ಆಸೆ ಹೊತ್ತು ಬರುತ್ತಾರೆ. ಅಟ್ಟದ ಮೇಲೆ ಸಿಕ್ಕಿದ ಗಿಟಾರು, ತೀರಿಕೊಂಡ ಮಾವನ ಪೆಟ್ಟಿಗೆಯಲ್ಲಿದ್ದ ಮ್ಯಾಂಡೊಲಿನ್, ಹೀಗೆ ಏನಾದರೊಂದನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟು, "ಲೇಬಲ್ ಇಲ್ಲ, ಆದ್ರೆ ತುಂಬಾ ಹಳೇದು. ಯಾರು ಮಾಡಿದ್ದು ಅಂತ ನೋಡಿ ಹೇಳ್ತೀರಾ?" ಎನ್ನುತ್ತಾರೆ. ನೋಡಿ ಹೇಳುತ್ತೇನೆ. ಹೇಳಿದ ಮೇಲೆ ಬಹಳಷ್ಟು ಜನ ಮುಖ ಸಣ್ಣ ಮಾಡಿಕೊಂಡು ಹೋಗುತ್ತಾರೆ. ಲೇಬಲ್ ಇಲ್ಲದ ವಾದ್ಯಗಳು ಹೆಚ್ಚಾಗಿ ಯಾವುದೋ ಕಾರ್ಖಾನೆಯಿಂದ ರಾಶಿ ರಾಶಿಯಾಗಿ ಹೊರಬಂದವು. ಗಿರಾಕಿಯ ಮನಸ್ಸಿಗೆ ಹಿತವಾಗುವಂತೆ ಒಂದು ಸುಳ್ಳು ಹೇಳಿ ಕಳಿಸುವ ಜಾಣತನ ನನಗಿಲ್ಲ. ಇವಳ ನಾಲಿಗೆ ಹರಿತ ಎಂದು ಈ ಬೀದಿಯಲ್ಲಿ ನನಗೆ ಹೆಸರಿದೆ. ಕೂತಲ್ಲಿ ಕೂರುವುದಿಲ್ಲ ಎಂದೂ ಇದೆ.

ಎರಡನೆಯದು ಹುಟ್ಟುಗುಣ. ಚಿಕ್ಕವಳಿದ್ದಾಗ ಮನೆಯವರೆಲ್ಲ ನನ್ನನ್ನು ಚಿಗಟ ಎಂದೇ ಕರೆಯುತ್ತಿದ್ದರಂತೆ. ಈಗ ನನ್ನ ಕೂದಲು ಬೆಳ್ಳಗಾಗಿದೆ, ಹಾಗೆ ಕರೆಯಲು ಉಳಿದಿರುವವಳು ಅತ್ತೆ ಒಬ್ಬಳೇ. ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಅವಳು ಹಳೆ ಮನೆ ಖಾಲಿಮಾಡಿ ಸಣ್ಣದೊಂದು ಮನೆಗೆ ಹೋಗುವವಳಿದ್ದಳು. ಒಂದು ಬೆಳಿಗ್ಗೆ ದಿಂಬಿನ ಚೀಲದಲ್ಲಿ ಏನನ್ನೋ ಹಾಕಿಕೊಂಡು ಏದುಸಿರು ಬಿಡುತ್ತ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು.

"ತಗೋ. ಇದು ನಿಂದು."

ಚೀಲದೊಳಗೆ ಒಂದು ಉಕುಲೆಲೆ ಇತ್ತು. ಗಿಟಾರಿನ ಮರಿಯಂತಿರುವ ನಾಲ್ಕು ತಂತಿಯ ವಾದ್ಯ, ನಮ್ಮ ಕಡೆ ಈಗೀಗ ಮಕ್ಕಳಿಗೆ ಕಲಿಸುತ್ತಾರಲ್ಲ, ಅದು. ಆದರೆ ಇದು ಈಗಿನದ್ದಲ್ಲ. ಮೆರುಗು ಜೇನಿನ ಬಣ್ಣಕ್ಕೆ ತಿರುಗಿತ್ತು, ತಂತಿ ಒಂದೂ ಇರಲಿಲ್ಲ, ಮೈತುಂಬ ಧೂಳು.

"ಎಲ್ಲಿ ಸಿಕ್ತು ಅತ್ತೆ?"

"ಸ್ಟೋರ್ ರೂಮಲ್ಲಿ. ನಿಮ್ಮಪ್ಪ ಮಾಡಿದ್ದು. ನಿನಗೇ ಅಂತ ಮಾಡಿದ್ದು."

ನಾನು ವಾದ್ಯವನ್ನು ಮೇಜಿನ ಮೇಲಿಟ್ಟೆ. ಇಡದಿದ್ದರೆ ಬೀಳಿಸುತ್ತಿದ್ದೆ.

ನಮ್ಮ ಮನೆಯಲ್ಲಿ ಅಪ್ಪ ಎಂಬ ಮಾತು ಬಳಕೆಯಲ್ಲೇ ಇರಲಿಲ್ಲ. ಅವನು ರೇಡಿಯೊ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಮರಗೆಲಸದವನು. ನನಗೆ ಮೂರು ತುಂಬುವ ಹೊತ್ತಿಗೆ ಮನೆ ಬಿಟ್ಟ. ಅಮ್ಮ ಕುಡಿತ ಎನ್ನುತ್ತಾಳೆ, ಅತ್ತೆ ಜಗಳ ಎನ್ನುತ್ತಾಳೆ, ಎರಡೂ ಇದ್ದಿರಬಹುದು. ಆಮೇಲೆ ಅತ್ತೆಯ ಮನೆಯ ಹಿಂದಿನ ಕೋಣೆಯಲ್ಲಿದ್ದ. ನನಗೆ ಎಂಟಾಗುವ ಮೊದಲೇ ಜ್ವರ ಬಂದು ತೀರಿಹೋದ. ಅವನ ಮುಖ ನನಗೆ ನೆನಪಿಲ್ಲ. ಅಮ್ಮ ಅವನನ್ನು 'ಆ ಮನುಷ್ಯ' ಎನ್ನುತ್ತಾಳೆ. "ಆ ಮನುಷ್ಯ ಹೋದೋನು ಹೋದ. ಮಗಳು ಇದಾಳಾ ಸತ್ತಳಾ ಅಂತ ಒಂದು ದಿನ ಕೇಳಲಿಲ್ಲ." ಈ ಮಾತನ್ನು ಕೇಳಿ ಕೇಳಿ ನನಗೆ ಅದು ಅಮ್ಮನ ಮಾತು ಎಂಬುದೇ ಮರೆತುಹೋಗಿ, ನನ್ನದೇ ನೆನಪು ಎನ್ನುವಂತಾಗಿತ್ತು.

"ಮಾಡಿದ್ರೆ ಆಗಲೇ ಕೊಡಬೇಕಿತ್ತಲ್ಲ! ಇಷ್ಟು ವರ್ಷ ಏನು ಮಾಡ್ತಿದ್ದೆ?"

"ನಿಮ್ಮಮ್ಮ ಅವನದೊಂದು ಮೊಳೆ ಕೂಡ ತನ್ನ ಮನೆ ಹೊಸಿಲು ದಾಟಬಾರದು ಅಂದಿದ್ಲು. ಆಮೇಲೆ ಮರೆತೇ ಹೋಯ್ತು ಕಣೇ. ಆ ಸ್ಟೋರ್ ರೂಮಲ್ಲಿ ಏನಿದೆ ಏನಿಲ್ಲ ದೇವರಿಗೇ ಗೊತ್ತು. ನನ್ನ ಮದುವೆ ಫೋಟೋನೂ ಅಲ್ಲೇ ಸಿಕ್ತು. ನಿಮ್ಮ ಮಾವನ ಮುಖ ಇಲಿ ತಿಂದಿದೆ."

ಅತ್ತೆ ಒಳ್ಳೆಯವಳು. ಆದರೆ ಅವಳ ಮಾತಿಗೆ ಉಪ್ಪು ಖಾರ ಸ್ವಲ್ಪ ಜಾಸ್ತಿ. ಅವಳು ಹತ್ತಿದ ಬಸ್ಸು ಗಕ್ಕನೆ ನಿಂತರೆ, ಸಂಜೆ ಹೊತ್ತಿಗೆ ಅದು ಪಲ್ಟಿ ಹೊಡೆದಿರುತ್ತದೆ. ಈಗಲೂ ಕುರ್ಚಿ ಎಳೆದುಕೊಂಡು ಕೂತು ಶುರುಮಾಡಿದಳು. ಕಾರ್ಖಾನೆಗೆ ಬಂದಿದ್ದ ಹಡಗಿನವನೊಬ್ಬ ಅಪ್ಪನಿಗೆ ಹೇಳಿದನಂತೆ, ಈ ವಾದ್ಯ ಹುಟ್ಟಿದ ಕಡೆಯ ಭಾಷೆಯಲ್ಲಿ ಅದರ ಹೆಸರಿಗೆ ಹಾರುವ ಚಿಗಟ ಎಂದು ಅರ್ಥ ಅಂತ. "ಹೌದಾ, ನನ್ನ ಮಗಳೂ ಚಿಗಟಾನೇ, ಚಿಗಟಕ್ಕೊಂದು ಚಿಗಟ ಮಾಡ್ತೀನಿ" ಎಂದನಂತೆ ಅಪ್ಪ. ಮಾಡಿದ ಮೇಲೆ ದಿನಾ ಸಂಜೆ ಅದನ್ನು ಎದೆಗವಚಿಕೊಂಡು ನುಡಿಸುತ್ತ ಅಳುತ್ತಿದ್ದನಂತೆ.

ನನ್ನ ಪಿತ್ತ ನೆತ್ತಿಗೇರಿತು. ಆ ಹೆಸರಿನ ಅರ್ಥವನ್ನು ಅತ್ತೆಗೆ ಹೇಳಿದವಳು ನಾನೇ. ಹಿಂದೊಮ್ಮೆ ಅವಳ ಮನೆಗೆ ಊಟಕ್ಕೆ ಹೋಗಿದ್ದಾಗ ತಮಾಷೆಗೆ ಹೇಳಿದ್ದೆ. ಇನ್ನು ನುಡಿಸುತ್ತ ಅಳುತ್ತಿದ್ದ ವಿಷಯ. ತಂತಿ ಒತ್ತುವ ಕಡೆ ಕತ್ತಿಗೆ ಅಡ್ಡಲಾಗಿ ಕೂರಿಸಿದ ಸಣ್ಣ ಲೋಹದ ಮೆಟ್ಟುಗಳಿರುತ್ತವೆ. ಒಂದು ತಿಂಗಳು ನುಡಿಸಿದರೂ ಅವುಗಳ ಮೇಲೆ ಗೀರು ಬೀಳುತ್ತದೆ. ಇದರ ಮೆಟ್ಟುಗಳು ಹೊಸ ಸೂಜಿಯಷ್ಟು ನುಣ್ಣಗಿದ್ದವು. ಇದನ್ನು ಯಾರೂ, ಯಾವತ್ತೂ ನುಡಿಸಿರಲಿಲ್ಲ.

"ಅತ್ತೆ, ನೀನು ಮನೆಗೆ ಹೋಗು. ನಾನು ನೋಡಿ ಹೇಳ್ತೀನಿ," ಎಂದೆ.

"ನೋಡೋದೇನಿದೆ? ನಾನು ಹೇಳ್ತಿಲ್ವಾ?"

"ಅದಕ್ಕೇ ನೋಡಬೇಕು."

ಅವಳು ಹೋದ ಮೇಲೆ ಯಾವ ಕೆಲಸಕ್ಕೂ ಕೈ ಹತ್ತಲಿಲ್ಲ. ಒಂದು ಗಿಟಾರಿಗೆ ತಂತಿಗಳನ್ನು ಅದಲುಬದಲು ಹಾಕಿದೆ, ಬಿಚ್ಚಿದೆ, ಮತ್ತೆ ಹಾಕಿದೆ. ಚಹಾ ಮಾಡಿಕೊಂಡು ಕುಡಿಯುವುದನ್ನು ಮರೆತೆ. ಬಾಗಿಲಿಗೆ ಹೋಗಿ ಬೀದಿ ನೋಡಿದೆ, ಒಳಗೆ ಬಂದು ಉಕುಲೆಲೆ ನೋಡಿದೆ. ಬೇರೆಯವರ ವಾದ್ಯವಾಗಿದ್ದರೆ ಅರ್ಧ ಗಂಟೆಯ ಕೆಲಸ. ಇದನ್ನು ಮುಟ್ಟಲು ಭಯ, ಮುಟ್ಟದೆ ಇರಲು ಅದಕ್ಕಿಂತ ಸಂಕಟ. ಇದು ಅಪ್ಪ ಮಾಡಿದ್ದೇ ಆದರೆ ಅಮ್ಮ ಇಷ್ಟು ವರ್ಷ ಹೇಳಿದ ಮಾತು ಸುಳ್ಳು. ಅಲ್ಲದಿದ್ದರೆ ಅತ್ತೆ ಈಗ ಹೇಳಿದ ಮಾತು ಸುಳ್ಳು. ಅವರಿಬ್ಬರ ಸುಳ್ಳು ನಿಜ ಕಟ್ಟಿಕೊಂಡು ನನಗೇನೂ ಆಗಬೇಕಿರಲಿಲ್ಲ. ಹೋದವನು ಹೋದ ಮೇಲೆ ಒಂದು ಸಲವಾದರೂ ನನ್ನನ್ನು ನೆನೆದಿದ್ದನೇ, ಅಷ್ಟು ಗೊತ್ತಾಗಬೇಕಿತ್ತು. ಅದನ್ನು ತಿಳಿಯಲು ಇದ್ದದ್ದು ಈ ಮರದ ತುಂಡೊಂದೇ.

ಕೊನೆಗೆ ಧೂಳು ಒರೆಸಿ ಕೂತೆ. ವಾದ್ಯಕ್ಕೆ ಬಾಯಿ, ಹೊಟ್ಟೆ, ಕತ್ತು ಎಲ್ಲ ಇರುತ್ತವೆ, ನಾಲಿಗೆಯೊಂದಿಲ್ಲ. ಅದಕ್ಕಾಗಿ ಲೇಬಲ್ ಅಂಟಿಸುತ್ತಾರೆ. ಇದರ ಹೊಟ್ಟೆಯೊಳಗೆ ಬಾಯಿಯಿಂದ ಇಣುಕಿದರೆ ಕಾಗದವಿಲ್ಲ, ಕಾಗದ ಕಿತ್ತ ಗುರುತೂ ಇಲ್ಲ. ತಲೆಯ ಮೇಲೆ ಮುದ್ರೆಯಿಲ್ಲ. ಕುದಿಸಿ ಹಚ್ಚುವ ಹಳೆ ಕಾಲದ ಮೂಳೆ ಅಂಟು. ಪಕ್ಕದ ಹಲಗೆಗಳನ್ನು ಬಗ್ಗಿಸಿದ ರೀತಿಯಲ್ಲಿ ಒಂದು ಬಿರುಕಿಲ್ಲ, ಒಂದು ಸುಟ್ಟ ಕಲೆಯಿಲ್ಲ. ಕೈಯಲ್ಲೇ ಮಾಡಿದ್ದು, ಪಳಗಿದ ಕೈ. ಕಾರ್ಖಾನೆಯದ್ದಂತೂ ಅಲ್ಲ ಎನ್ನುವುದು ಅಲ್ಲಿಗೇ ಖಾತ್ರಿಯಾಯಿತು.

ಒಂದು ಮಾತ್ರ ತಾಳೆಯಾಗಲಿಲ್ಲ. ಹೊಟ್ಟೆ ಸರಿಯಾದ ಅಳತೆಯಲ್ಲಿತ್ತು, ಕತ್ತು ತೀರಾ ಸಪೂರ. ಎಷ್ಟೇ ಸಣ್ಣ ಉಕುಲೆಲೆಯಾದರೂ ತಂತಿ ತಂತಿಯ ನಡುವೆ ಬೆರಳು ಕೂರುವಷ್ಟು ಜಾಗ ಬಿಡುತ್ತಾರೆ. ಇದರಲ್ಲಿ ನಾಲ್ಕು ತಂತಿ ಹಾಕಿದರೆ, ನನ್ನ ಒಂದು ಬೆರಳಿನಡಿ ಎರಡು ಸಿಕ್ಕಿಬೀಳುತ್ತಿದ್ದವು. ಮಕ್ಕಳಿಗೆಂದು ಮಾಡುವವರೂ ಇಷ್ಟು ಕಿರಿದು ಮಾಡುವುದಿಲ್ಲ. ಇಷ್ಟು ಚೆಂದ ಕೆಲಸ ಗೊತ್ತಿದ್ದವನು ಇಲ್ಲಿ ಬಂದು ಎಡವಿದ್ದಾನಲ್ಲ, ದಡ್ಡ ಮುಂಡೇದು, ಒಬ್ಬರನ್ನು ಕೇಳಬಾರದಿತ್ತೇ ಎಂದು ಜೋರಾಗಿಯೇ ಬೈದೆ.

ಕೈಯಲ್ಲಿ ಮಾಡಿದ್ದು ಸರಿ, ಯಾರ ಕೈ? ಅಪ್ಪನ ಕೈಕೆಲಸ ಹೋಲಿಸಿ ನೋಡಲು ನನ್ನ ಬಳಿ ಏನಿದೆ ಎಂದು ಅಂಗಡಿಯಲ್ಲಿ ಶತಪಥ ತಿರುಗುತ್ತಿದ್ದಾಗ ಅಮ್ಮನ ಮನೆಯ ಸ್ಟೂಲು ನೆನಪಾಯಿತು.

ಆ ಮನುಷ್ಯನದೊಂದು ಮೊಳೆಯೂ ಹೊಸಿಲು ದಾಟಬಾರದು ಎಂದ ಅಮ್ಮ, ಅವನು ಹೋಗುವ ಮೊದಲು ಮಾಡಿಟ್ಟಿದ್ದ ಸ್ಟೂಲನ್ನು ಮಾತ್ರ ಹೊರಗೆ ಹಾಕಿರಲಿಲ್ಲ. ಮೂರು ಮನೆ ಬದಲಾಯಿಸಿದರೂ ಅದು ಜೊತೆಗೇ ಬಂದಿತ್ತು. ಚಿಕ್ಕಂದಿನಲ್ಲಿ ಅದರ ಅಡಿಗೆ ನುಸುಳಿ ಮಲಗುವುದು ನನ್ನ ಆಟ. ಕೂರುವ ಹಲಗೆಯ ತಳದಲ್ಲಿ ಪೆನ್ಸಿಲಿನಿಂದ ಗೀಚಿದ ಒಂದು ಸುರುಳಿ ಇತ್ತು, ಬಸವನಹುಳುವಿನ ಬೆನ್ನಿನ ಹಾಗೆ. ಆಮೇಲೆ ಕಸುಬಿಗೆ ಬಿದ್ದಾಗ ಅದೇನೆಂದು ತಿಳಿಯಿತು. ಹಲಗೆಗೂ ಮುಖವಿದೆ, ಬೆನ್ನಿದೆ. ಹತ್ತರಿ ಹೊಡೆದು ನುಣುಪು ಮಾಡಿದ ಮೇಲೆ ಯಾವ ಬದಿ ಒಳಗೆ ಹೋಗಬೇಕೋ ಆ ಬದಿಗೆ ಬಡಗಿಗಳು ಒಂದು ಗುರುತು ಹಾಕುತ್ತಾರೆ. ಒಬ್ಬೊಬ್ಬರದು ಒಂದೊಂದು ಬಗೆ. ನೋಡಿ ನೋಡಿ ಹಾಕುವ ಗುರುತಲ್ಲ ಅದು, ಕೈ ತನ್ನಷ್ಟಕ್ಕೆ ಗೀಚುವುದು. ಸಹಿ ಬದಲಾಯಿಸಬಹುದು, ಇದನ್ನು ಬದಲಾಯಿಸಲಾಗುವುದಿಲ್ಲ.

ಮಾರನೆಯ ದಿನ ಏನೋ ನೆಪ ಹೇಳಿ ಅಮ್ಮನ ಮನೆಗೆ ಹೋದೆ. ಅವಳು ಬಟ್ಟೆ ಒಣಗಿಸಲು ಹಿಂದಕ್ಕೆ ಹೋದಾಗ ಅಡುಗೆಮನೆಯಲ್ಲಿದ್ದ ಸ್ಟೂಲನ್ನು ಮಗುಚಿ ನೋಡಿದೆ. ಸುರುಳಿ ಮಾಸಿದ್ದರೂ ಇತ್ತು. ನಡುವಿನಿಂದ ಹೊರಟು ಗಡಿಯಾರದ ಮುಳ್ಳು ಹೋಗುವ ಕಡೆಗೇ ಸುತ್ತಿ ಹೊರಬಂದಿತ್ತು. ನಾನು ಕಂಡ ಬಲಗೈ ಬಡಗಿಗಳ ಸುರುಳಿಗಳು ಇದಕ್ಕೆ ತದ್ವಿರುದ್ಧವಾಗಿ ಸುತ್ತುತ್ತವೆ. ಅಪ್ಪ ಎಡಚ ಎಂದು ಹಿಂದೆ ಯಾವಾಗಲೋ ಅತ್ತೆ ಹೇಳಿದ್ದು ನೆನಪಿತ್ತು. ಅಷ್ಟು ಮಟ್ಟಿಗೆ ಅವಳು ನಿಜ ಹೇಳಿದ್ದಳು.

"ಏನೇ ಅದು, ಸ್ಟೂಲಿನ ಹೊಟ್ಟೆ ನೋಡ್ತಿದೀಯ?" ಎಂದಳು ಅಮ್ಮ, ಖಾಲಿ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತು.

"ಕಾಲು ಅಲ್ಲಾಡ್ತಿತ್ತು."

"ಅದರ ಕಾಲು ಯಾವತ್ತೂ ಅಲ್ಲಾಡಿಲ್ಲ. ಅಲ್ಲಾಡೋದು ನಿಂದು."

ಅಂಗಡಿಗೆ ಓಡಿದೆ ಎಂದರೂ ನಡೆಯುತ್ತದೆ. ವಾದ್ಯದ ಬಾಯಿಯಿಂದ ಇಣುಕಿದರೆ ಹಿಂಬದಿಯ ಹಲಗೆ ಮಾತ್ರ ಕಾಣುತ್ತದೆ. ಮುಂಬದಿಯ ಹಲಗೆಯ ಒಳಮೈ ನೋಡಬೇಕಾದರೆ, ಹಲ್ಲಿನ ಡಾಕ್ಟರು ಬಾಯಿಗೆ ತುರುಕುತ್ತಾರಲ್ಲ, ಆ ಉದ್ದ ಹಿಡಿಯ ಪುಟ್ಟ ಕನ್ನಡಿ ಬೇಕು. ಬೆರಳಗಾತ್ರದ ಬಲ್ಬು ಒಳಗೆ ಇಳಿಬಿಟ್ಟು ಕನ್ನಡಿಯನ್ನು ಮೆಲ್ಲಗೆ ತಿರುಗಿಸುತ್ತ ಹೋದೆ. ಅಂಟಿನ ಹನಿ, ಆಸರೆಯ ಪಟ್ಟಿ, ಜೇಡರ ಬಲೆ. ಆಮೇಲೆ ಕತ್ತಿನ ಬುಡದ ಹತ್ತಿರ, ಅದು. ಸುರುಳಿ!

ಕನ್ನಡಿ ಜಾರಿತು, ಮತ್ತೆ ಹಿಡಿದೆ. ಸುರುಳಿ ಹೌದು, ಪೆನ್ಸಿಲ್ ಹೌದು, ಗಾತ್ರವೂ ಅದೇ. ಸುತ್ತಿದ್ದು ಮಾತ್ರ ಗಡಿಯಾರಕ್ಕೆ ಎದುರಾಗಿ.

ಬಲಗೈಯವನು. ಯಾರೋ ಬೇರೆಯವನು.

ಮೂರು ಸಲ ನೋಡಿದೆ. ಮೂರು ಸಲವೂ ಅದೇ. ಅಪ್ಪನ ಜೊತೆಯ ಕೆಲಸಗಾರ ಯಾರೋ ಮಾಡಿ ಮಾರಿದ್ದಿರಬೇಕು, ಇಲ್ಲವೇ ಯಾವುದೋ ಸಂತೆಯಲ್ಲಿ ಸಿಕ್ಕಿದ್ದಿರಬೇಕು. ಅತ್ತೆ ಅದಕ್ಕೆ ಕಥೆ ಕಟ್ಟಿದ್ದಳು, ನಾನು ಅದಕ್ಕೆ ಆಸೆ ಕಟ್ಟಿಕೊಂಡಿದ್ದೆ. ಬೆಡ್‌ಶೀಟಿನಲ್ಲಿ ಸುತ್ತಿ ತರುವ ಗಿರಾಕಿಗಳಿಗೂ ನನಗೂ ಏನು ವ್ಯತ್ಯಾಸ? ಅವಮಾನವಾಯಿತು, ಅಳು ಬಂತು, ಅಳುವುದಕ್ಕಿಂತ ಬೈಯುವುದು ಸುಲಭವಾದ್ದರಿಂದ ಅತ್ತೆಗೆ ಫೋನ್ ಮಾಡಿದೆ.

"ಅದು ಅಪ್ಪ ಮಾಡಿದ್ದಲ್ಲ. ಗುರುತು ನೋಡಿದೆ. ನಿನಗೆ ಕಥೆ ಕಟ್ಟೋಕೆ ನಾನೇ ಬೇಕಿತ್ತಾ? ಬೇರೆ ಯಾರೂ ಸಿಗಲಿಲ್ವಾ?"

ಅತ್ತೆಯ ದನಿ ಸಣ್ಣಗಾಯಿತು. ಅದು ಹಾಗೆ ಕುಗ್ಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಾನು ಬಣ್ಣ ಹಚ್ತೀನಿ, ಇಲ್ಲ ಅನ್ನಲ್ಲ," ಎಂದಳು. "ಅವನು ಅಳ್ತಾ ನುಡಿಸ್ತಿದ್ದ ಅಂದಿದ್ದು ಬಣ್ಣಾನೇ. ಅವನಿಗೆ ನುಡಿಸೋಕೆ ಎಲ್ಲಿ ಬರ್ತಿತ್ತು? ಆದ್ರೆ ಗೋಡೆ ಇಲ್ಲದೆ ಬಣ್ಣ ಹಚ್ಚಲ್ಲ ಕಣೇ ನಾನು." ಫೋನ್ ಇಟ್ಟುಬಿಟ್ಟಳು.

ಇನ್ನು ಅದು ಕಣ್ಣೆದುರಿಗೆ ಇರಬಾರದು ಎನಿಸಿತು. ಎದುರು ಬದಿಯಲ್ಲಿ ಗುಜರಿ ಅಂಗಡಿ ಇದೆ. ಹಳೆ ಗಡಿಯಾರ, ಮುರಿದ ಟೈಪ್‌ರೈಟರ್, ಕಿವಿ ಹೋದ ಕಪ್ಪು, ಅವನು ಬೇಡ ಎನ್ನುವ ವಸ್ತುವಿಲ್ಲ. ಉಕುಲೆಲೆಯನ್ನು ಅವನ ಗಲ್ಲಾದ ಮೇಲೆ ಕುಕ್ಕಿ, "ತಗೋ, ಬಿಟ್ಟಿ. ಏನಾದ್ರೂ ಮಾಡ್ಕೋ," ಎಂದೆ.

"ಏನಕ್ಕಾ, ಚೆನ್ನಾಗೇ ಇದೆಯಲ್ಲ?"

"ಕಸ ಅದು."

ಅವನು ನನ್ನ ಮುಖ ನೋಡಿ ಅದನ್ನು ಗಲ್ಲಾದ ಹಿಂದಕ್ಕೆ ಎತ್ತಿಟ್ಟ.

ಸಂಜೆ ಅಂಗಡಿ ಮುಚ್ಚಿ ನೇರ ಅಮ್ಮನ ಮನೆಗೆ. ಯಾಕೆ ಹೋದೆನೋ, ನೀನು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡು ನಿರಾಳವಾಗಲು ಇರಬೇಕು. ಅಮ್ಮ ಮಲಗುವ ಕೋಣೆಯಲ್ಲಿ, ಬೀರುವಿನ ಆಳೆತ್ತರದ ಕನ್ನಡಿಯ ಮುಂದೆ ನಿಂತು ತಲೆ ಬಾಚುತ್ತಿದ್ದಳು.

"ಬಂದೆಯಾ, ಒಳ್ಳೇದಾಯ್ತು. ಈ ಬಲ್ಬ್ ಹೋಗಿದೆ, ಬೇರೆ ಹಾಕು. ಸ್ಟೂಲ್ ತಗೊಂಡು ಬಾ."

ಅದೇ ಸ್ಟೂಲು. ತಂದೆ, ಹತ್ತಿದೆ, ಬಲ್ಬು ಹಾಕಿದೆ, ಇಳಿದೆ. ಇಳಿದವಳಿಗೆ ಅದರ ಮೇಲೆ ತಡೆಯಲಾರದ ಸಿಟ್ಟು ಬಂದು ಕಾಲಿನಿಂದ ಒದ್ದೆ. ಸ್ಟೂಲು ಧಡಾರನೆ ಅಡ್ಡ ಬಿತ್ತು.

"ಹುಚ್ಚು ಹಿಡಿದಿದೆಯೇನೇ ನಿನಗೆ?"

ಸ್ಟೂಲಿನ ತಳ ಬೀರುವಿನ ಕನ್ನಡಿಗೆ ಮುಖಮಾಡಿ ಬಿದ್ದಿತ್ತು. ಹೊಸ ಬಲ್ಬಿನ ಬೆಳಕು ನೇರ ಅದರ ಮೇಲೆ. ಕನ್ನಡಿಯಲ್ಲಿ ಆ ಸುರುಳಿ ಕಾಣುತ್ತಿತ್ತು, ಗಡಿಯಾರಕ್ಕೆ ಎದುರಾಗಿ ಸುತ್ತುತ್ತ. ಉಕುಲೆಲೆಯ ಹೊಟ್ಟೆಯಲ್ಲಿ ಬೆಳಿಗ್ಗೆ ಕಂಡದ್ದು ಇದೇ. ಗೆರೆಯ ಬಾಲ ಕೊನೆಯಲ್ಲಿ ಚೂರು ಮೇಲಕ್ಕೆ ಚಿಮ್ಮಿದ್ದು ಕೂಡ ಹಾಗೇ.

ಕನ್ನಡಿ! ನಾನು ನೋಡಿದ್ದು ಕನ್ನಡಿಯಲ್ಲಿ!

ವರ್ಷಗಟ್ಟಲೆ ಆ ಹಲ್ಲಿನ ಕನ್ನಡಿ ಹಿಡಿದವಳು ನಾನು. ಒಳಗೆ ಅಕ್ಷರವಿದ್ದರೆ ಅದು ಉಲ್ಟಾ ಕಂಡು ತಾನಾಗಿಯೇ ಎಚ್ಚರಿಸುತ್ತದೆ, ಮನಸ್ಸು ತಿರುಗಿಸಿ ಓದಿಕೊಳ್ಳುತ್ತದೆ. ಸುರುಳಿಗೆ ಯಾವ ಉಲ್ಟಾ, ಯಾವ ಸೀದಾ? ಗಿರಾಕಿಯ ವಾದ್ಯವಾಗಿದ್ದರೆ ಖಂಡಿತ ನೆನಪಾಗುತ್ತಿತ್ತು. ನನ್ನದಾದ್ದರಿಂದ ಬುದ್ಧಿ ಕೈಕೊಟ್ಟಿತ್ತು.

"ಅಮ್ಮ, ಅದು ಅಪ್ಪ ಮಾಡಿದ್ದೇ," ಎಂದೆ. ಎಂದೆನೋ ಕಿರುಚಿದೆನೋ. "ಉಕುಲೆಲೆ. ಅತ್ತೆ ತಂದುಕೊಟ್ಟಳು. ನನಗೆ ಅಂತ ಮಾಡಿದ್ದಂತೆ. ಒಂದು ದಿನಾನೂ ಕೇಳಲಿಲ್ಲ ಅಂತಿದ್ದೆಯಲ್ಲ ನೀನು!"

ಅಮ್ಮ ಬಾಚಣಿಗೆಯನ್ನು ಕನ್ನಡಿಯ ಅಂಚಿನಲ್ಲಿಟ್ಟಳು. ನನ್ನ ಕಡೆ ತಿರುಗಲಿಲ್ಲ, ಕನ್ನಡಿಯಲ್ಲೇ ನನ್ನನ್ನು ನೋಡಿದಳು.

"ವಾದ್ಯದ ವಿಷಯ ನನಗೆ ಗೊತ್ತಿರಲಿಲ್ಲ," ಎಂದಳು. "ಆದ್ರೆ ಆ ಮನುಷ್ಯ ಒಂದು ಸಲ ಬಂದಿದ್ದ. ನೀನು ಶಾಲೆಗೆ ಹೋಗಿದ್ದೆ. ಏಳು ವರ್ಷ ನಿನಗೆ ಆಗ. ಒಂದು ದಾರ ಕೊಟ್ಟು, ಮಗಳ ಅಂಗೈ ಅಳತೆ ಬೇಕು, ಬೆರಳಿನ ತುದಿವರೆಗೂ ಹಿಡಿದು ಗಂಟು ಹಾಕಿ ಕೊಡು ಅಂದ. ಬಳೆನೋ ಉಂಗುರಾನೋ ಕೊಡಿಸಿ ನಿನ್ನ ಮರುಳು ಮಾಡೋಕೆ ನೋಡ್ತಿದಾನೆ ಅಂದ್ಕೊಂಡೆ. ದಾರಾನ ಅವನ ಮುಂದೇನೇ ಚರಂಡಿಗೆ ಎಸೆದೆ. ಬಾಗಿಲು ಹಾಕ್ಕೊಂಡೆ."

"ನನಗೆ ಹೇಳಲಿಲ್ಲ."

"ಹೇಳಲಿಲ್ಲ."

ಕೂಗಾಡಬೇಕೆನಿಸಿತು. ಕೂಗಾಡುವುದು ನನಗೆ ಬರುವ ವಿದ್ಯೆ. ಆದರೆ ಅದಕ್ಕಿಂತ ಮೊದಲು ನೆನಪಾದದ್ದು ಗುಜರಿಯವನ ಗಲ್ಲಾ. "ಬಂದೆ," ಎಂದು ಚಪ್ಪಲಿ ಮೆಟ್ಟಿ ಓಡಿದೆ. ಬೀದಿಯ ಜನ ದಾರಿ ಬಿಟ್ಟರು. ಈ ವಯಸ್ಸಿನ ಹೆಂಗಸು ಹಾಗೆ ಓಡುವುದನ್ನು ನೋಡಿದರೆ ಯಾರಾದರೂ ಬಿಡುತ್ತಾರೆ.

ಉಕುಲೆಲೆ ಆಗಲೇ ಅವನ ಗಾಜಿನ ಕಿಟಕಿಯಲ್ಲಿ ಒರಗಿ ನಿಂತಿತ್ತು. ಚೆನ್ನಾಗಿ ಒರೆಸಿ ಎಣ್ಣೆ ಸವರಿದ್ದ. ಸಾಲದ್ದಕ್ಕೆ ಹೊಟ್ಟೆಯ ಮೇಲೆ ಹಳದಿ ಕಾಗದದ ಲೇಬಲ್ ಅಂಟಿಸಿ, ದಪ್ಪ ಅಕ್ಷರದಲ್ಲಿ 'ರಾಜಮನೆತನದ ಅಪರೂಪದ ವಾದ್ಯ' ಎಂದು ಬರೆದಿದ್ದ. ಇಷ್ಟು ವರ್ಷ ಹೆಸರಿಲ್ಲದೆ ಇದ್ದದ್ದಕ್ಕೆ ಅರ್ಧ ದಿನದಲ್ಲಿ ವಂಶಾವಳಿ ಹುಟ್ಟಿತ್ತು.

"ಅದು ಕೊಡು," ಎಂದೆ ಏದುಸಿರಿನಲ್ಲಿ.

"ಬೆಳಿಗ್ಗೆ ಕಸ ಅಂದ್ರಿ?"

"ಬೆಳಿಗ್ಗೆ ನನ್ನ ಕಣ್ಣಲ್ಲಿ ಕಸ ಇತ್ತು. ಕೊಡೋ ಮಾರಾಯ."

"ಒಬ್ಬರು ಆಗ್ಲೇ ಕೇಳ್ಕೊಂಡು ಹೋದರು ಅಕ್ಕಾ. ನಾಳೆ ಬರ್ತೀನಿ ಅಂದಿದಾರೆ."

"ನಮ್ಮಪ್ಪ ಮಾಡಿದ್ದು ಅದು!"

ಈ ಮಾತು ನನ್ನ ಬಾಯಿಂದ ಬಂದದ್ದು ನನಗೇ ವಿಚಿತ್ರವಾಗಿ ಕೇಳಿಸಿತು. ನಮ್ಮಪ್ಪ. ಯಾವತ್ತೂ ಯಾರ ಮುಂದೆಯೂ ಆಡದ ಮಾತು. ಗುಜರಿಯವನು ಚೌಕಾಸಿ ಮಾಡುವ ಮುಖ ಬಿಟ್ಟು, ಲೇಬಲನ್ನು ಉಗುರಿನಿಂದ ನಿಧಾನ ಎಬ್ಬಿಸಿ ಕಿತ್ತು, ವಾದ್ಯವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ಅಂಟು ಕಲೆ ಉಳಿದಿದೆ, ಬೇಜಾರು ಮಾಡ್ಕೋಬೇಡಿ," ಎಂದ.

ಅಮ್ಮನ ಮನೆಗೆ ಹಿಂತಿರುಗುವ ದಾರಿಯಲ್ಲೇ ಅತ್ತೆಗೆ ಫೋನ್ ಮಾಡಿದೆ.

"ಅತ್ತೆ, ಗೋಡೆ ಇದೆ."

"ಯಾವ ಗೋಡೇನೇ? ಇಲ್ಲಿ ಸಾಮಾನು ಹೊರೋರು ಬಂದು ನನ್ನ ಪ್ರಾಣ ತಿಂತಿದಾರೆ."

"ಅಪ್ಪಾನೇ ಮಾಡಿದ್ದು. ತಪ್ಪು ನೋಡಿದ್ದು ನಾನು. ಬೈದಿದ್ದಕ್ಕೆ..."

"ಹೋಗ್ಲಿ ಬಿಡು, ಚಿಗಟ ಕಚ್ಚಿದ್ರೆ ಯಾರಾದ್ರೂ ಅಳ್ತಾರಾ?" ಎಂದಳು ಅತ್ತೆ. ಎಂದವಳು ಮೂಗು ಸೀನಿದ್ದು ಚೆನ್ನಾಗಿಯೇ ಕೇಳಿಸಿತು. ಇನ್ನೊಂದು ವಾರದಲ್ಲಿ ಈ ಕಥೆಗೆ ಅವಳು ಏನೇನು ಬಣ್ಣ ಹಚ್ಚುತ್ತಾಳೋ, ಹಚ್ಚಲಿ ಎಂದುಕೊಂಡೆ.

ಅಮ್ಮ ನಾನು ಬಿಟ್ಟುಹೋದ ಕೋಣೆಯಲ್ಲೇ, ಮಂಚದ ತುದಿಯಲ್ಲಿ ಕೂತಿದ್ದಳು. ತಲೆ ಅರ್ಧ ಬಾಚಿದ್ದು ಹಾಗೇ ಇತ್ತು. ಬಿದ್ದಿದ್ದ ಸ್ಟೂಲನ್ನು ಮಾತ್ರ ಎತ್ತಿ ನಿಲ್ಲಿಸಿದ್ದಳು. ನಾನು ಅವಳ ಮಡಿಲಿಗೆ ಉಕುಲೆಲೆ ಇಟ್ಟೆ. ಮುಟ್ಟುವುದಿಲ್ಲವೇನೋ ಎಂದುಕೊಂಡಿದ್ದೆ. ಮುಟ್ಟಿದಳು. ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿದಳು, ಸೊಪ್ಪು ಕೊಳ್ಳುವಾಗ ಎಲೆ ತಿರುವಿ ನೋಡುತ್ತಾಳಲ್ಲ, ಹಾಗೆ.

"ಕೆಲಸಕ್ಕೇನೂ ಹೆಸರಿಡೋ ಹಾಗಿರಲಿಲ್ಲ," ಎಂದಳು.

"ಒಂದು ತಪ್ಪಿದೆ," ಎಂದೆ ನಾನು. ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇದ್ದೆ. ನನ್ನ ನಾಲಿಗೆ ಆಗಲೂ ಕಸುಬು ಬಿಡಲಿಲ್ಲ. "ಕತ್ತು ತುಂಬಾ ಸಪೂರ. ಏಳು ವರ್ಷದ ಮಗು ಕೂಡ ಹಿಡಿದು ನುಡಿಸೋಕಾಗಲ್ಲ. ಉಳಿದಿದ್ದೆಲ್ಲ ಇಷ್ಟು ಸರಿಯಾಗಿ ಮಾಡಿ, ಇದೊಂದನ್ನ ಯಾಕೆ ಹೀಗೆ ಮಾಡಿದ ಅಂತಾನೇ..."

ಅಮ್ಮ ಕತ್ತಿನ ಸುತ್ತ ತನ್ನ ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದ್ದಳು. ಅದನ್ನೇ ಬಹಳ ಹೊತ್ತು ನೋಡಿದಳು.

"ಇದು ಏಳು ವರ್ಷದ ಕೈಗಲ್ಲ," ಎಂದಳು. "ಮೂರು ವರ್ಷದ್ದು. ನಿನಗೆ ಮೂರಾಗಿದ್ದಾಗ ಕೈ ಇಷ್ಟೇ ಇತ್ತು. ಅವರು ಹೋದಾಗ."

ನಾನು ನಿಂತೆ.

ದಾರ ಸಿಗಲಿಲ್ಲ. ಹಾಗಾಗಿ ಅವನು ನೆನಪಿನಿಂದ ಅಳತೆ ತೆಗೆದಿದ್ದ. ದಡ್ಡ, ಒಬ್ಬರನ್ನು ಕೇಳಬಾರದಿತ್ತೇ ಎಂದು ನಾನು ಬೈದಿದ್ದೆ. ಕೇಳಿದ್ದ. ಬಾಗಿಲಿಗೆ ಬಂದು ಕೇಳಿದ್ದ. ಅವನು ಕೊನೆಯದಾಗಿ ಹಿಡಿದ ನನ್ನ ಕೈ ಎಷ್ಟಿತ್ತೋ ಅಷ್ಟನ್ನೇ ಮರದಲ್ಲಿ ಇಳಿಸಿದ್ದ. ನಾನು ಶಾಲೆಗೆ ಹೋಗುವವಳಾದರೂ ಅವನ ಕೈಯಲ್ಲಿ ಬೆಳೆದೇ ಇರಲಿಲ್ಲ.

"ದಾರ ತಗೊಂಡು ಅಳತೆ ಕೊಟ್ಟಿದ್ದಿದ್ರೆ," ಎಂದಳು ಅಮ್ಮ, "ನಿಮ್ಮಪ್ಪ ಸರಿಯಾಗೇ ಮಾಡ್ತಿದ್ರು."

ನಿಮ್ಮಪ್ಪ. ಅವಳು ಆ ಪದ ಆಡಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಅವಳ ಮೇಲೆ ನನಗೆ ಬಂದಿದ್ದ ಸಿಟ್ಟು ಹೋಗಿರಲಿಲ್ಲ, ಈಗಲೂ ಪೂರ್ತಿ ಹೋಗಿಲ್ಲ. ಆದರೆ ಆ ಹೊತ್ತಿನಲ್ಲಿ ಅದನ್ನು ಆಡಿ ತೋರಿಸಲು ನನ್ನಿಂದಾಗಲಿಲ್ಲ.

ಅವಳು ಎದ್ದು ಬೀರು ತೆಗೆದು, ಹೊಲಿಗೆ ಡಬ್ಬಿಯಿಂದ ಬಿಳಿ ದಾರದ ಉಂಡೆ ಹುಡುಕಿ ತೆಗೆದಳು. ಹಲ್ಲಿನಿಂದ ಒಂದು ತುಂಡು ಕಡಿದಳು.

"ಕತ್ತು ಬದಲಾಯಿಸೋಕೆ ಬರತ್ತಲ್ಲ ನಿನಗೆ?"

"ಬರತ್ತೆ. ಆದ್ರೆ ಬದಲಾಯಿಸಲ್ಲ ಅಮ್ಮ. ಅದು ಹಾಗೇ ಇರಲಿ."

"ಇರಲಿ," ಎಂದಳು. ದಾರ ಮಾತ್ರ ಕೆಳಗಿಡಲಿಲ್ಲ. "ಕೂತ್ಕೋ ಇಲ್ಲಿ. ಕೈ ಚಾಚು."

ಸ್ಟೂಲು ಎಳೆದುಕೊಂಡು ಅವಳೆದುರಿಗೆ ಕೂತೆ, ಕೈ ಚಾಚಿದೆ. ಅಮ್ಮ ಅಂಗೈಯ ಬುಡದಲ್ಲಿ ದಾರದ ತುದಿ ಒತ್ತಿ ಹಿಡಿದು, ನಡುಬೆರಳಿನ ತುದಿಯವರೆಗೂ ಎಳೆದು, ಕಣ್ಣು ಕಿರಿದು ಮಾಡಿ ಗಂಟು ಹಾಕತೊಡಗಿದಳು. ಗಂಟು ಮತ್ತೆ ಮತ್ತೆ ತಪ್ಪುತ್ತಿತ್ತು. ಅವಳು ಮುಗಿಸುವವರೆಗೂ ನಾನು ಅಲ್ಲಾಡದೆ ಕೂತಿದ್ದೆ.